ಉಸುಕು, ನೀರು ಮತ್ತು ನಮ್ಮ ಕೂಸು: ಅಂಗಳದ ಆಟಕ್ಕೆ ಸಾಮಾನು ಆರಿಸುವ ಬಗೆ



ಮಕ್ಕಳ ವಾರ್ಡಿನಿಂದ ಮನೆಗೆ ಹೊರಡುವ ದಿನ ತಾಯಂದಿರಿಗೆ ಔಷಧಿ ಕೊಡುವ ಹೊತ್ತು, ಮತ್ತೆ ತೋರಿಸುವ ದಿನಾಂಕ ಎಲ್ಲವನ್ನೂ ತಿಳಿಸುತ್ತೇವೆ. ಅದಾದ ಮೇಲೆ ಬಾಗಿಲ ಬಳಿ ನಿಂತು ಕೇಳುವ ಕೊನೆಯ ಪ್ರಶ್ನೆ ಹೆಚ್ಚಾಗಿ ಒಂದೇ ಆಗಿರುತ್ತದೆ. "ಸಿಸ್ಟರ್, ನಮ್ಮ ಹುಡುಗ ಬಿಟ್ರ ಸಾಕು ಉಸುಕಿನಾಗ ಕುಂತುಬಿಡ್ತಾನ. ಆಡಾಕ ಬಿಡಬೇಕಾ, ಬ್ಯಾಡಾ?"

ಪಕ್ಕದಲ್ಲಿದ್ದ ಅಜ್ಜಿ ಸುಮ್ಮನಿರುವುದಿಲ್ಲ. "ನಾವೆಲ್ಲ ಮಣ್ಣಾಗ ಆಡೇ ದೊಡ್ಡೋರಾಗೀವಿ. ಏನಾಗೈತಿ ನಮಗ?" ಎನ್ನುತ್ತಾರೆ. ಸೊಸೆ, "ಮತ್ತ ಬೇಧಿ ಹತ್ತಿದ್ರ ಹೆಂಗ್ರೀ ಅತ್ತಿ? ಕೆಳಗ ಬಿಡೋದಾ ಬ್ಯಾಡ, ಮೊಬೈಲ್ ಕೊಟ್ಟು ಕುಂದ್ರಿಸ್ತೀನಿ" ಎನ್ನುತ್ತಾಳೆ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಅಜ್ಜಿ ಹೇಳುವಂತೆ ಆಟ ಬೇಕೇ ಬೇಕು. ಸೊಸೆ ಹೆದರುವಂತೆ ಅಪಾಯವೂ ಇದೆ. 1 ರಿಂದ 3 ವರ್ಷದ ಮಗುವಿಗೆ ಮನೆಯಂಗಳದಲ್ಲಿ ಉಸುಕು ಮತ್ತು ನೀರಿನ ಆಟಕ್ಕೆ ಯಾವ ಸಾಮಾನು ಆರಿಸಬೇಕು, ಯಾವುದನ್ನು ದೂರವಿಡಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಈ ಆಟ ಏಕೆ ಬೇಕು?

ಉಸುಕು ಮತ್ತು ನೀರು ಚಿಕ್ಕ ಮಗುವಿನ ಮೊದಲ ಪಾಠಶಾಲೆ. ಒಂದು ವರ್ಷದ ಕೂಸು ಲೋಟ ತುಂಬುತ್ತದೆ, ಸುರಿಯುತ್ತದೆ, ಮತ್ತೆ ತುಂಬುತ್ತದೆ. ನಮಗೆ ಅದು ವ್ಯರ್ಥ ಕೆಲಸವೆಂದು ಕಾಣಬಹುದು. ಆದರೆ ಅದರ ಬೆರಳುಗಳು ಹಿಡಿಯುವುದನ್ನು, ಮಣಿಕಟ್ಟು ತಿರುಗುವುದನ್ನು, ಕಣ್ಣು ಮತ್ತು ಕೈ ಒಟ್ಟಿಗೆ ಕೆಲಸ ಮಾಡುವುದನ್ನು ಅಲ್ಲಿಯೇ ಕಲಿಯುತ್ತವೆ. ಮುಂದೆ ತಾನೇ ಊಟ ಮಾಡಲು, ಗುಂಡಿ ಹಾಕಿಕೊಳ್ಳಲು, ಬಳಪ ಹಿಡಿಯಲು ಇದೇ ಬಲ ಬೇಕು. ತುಂಬಿದೆ, ಖಾಲಿಯಾಯಿತು, ಹಸಿ, ಒಣ, ಭಾರ, ಹಗುರ ಎಂಬ ಮಾತುಗಳೂ ಆಟದ ಜೊತೆಯಲ್ಲೇ ಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ 1 ರಿಂದ 4 ವರ್ಷದ ಮಕ್ಕಳು ದಿನದಲ್ಲಿ ಒಟ್ಟು 180 ನಿಮಿಷವಾದರೂ ಮೈಕೈ ಆಡಿಸಬೇಕು. ಒಂದು ವರ್ಷದ ಮಗುವಿಗೆ ಟಿ.ವಿ., ಮೊಬೈಲ್ ತೋರಿಸಲೇಬಾರದು. 2 ವರ್ಷದ ನಂತರವೂ ದಿನಕ್ಕೆ 1 ಗಂಟೆ ಮೀರಬಾರದು. ಆದ್ದರಿಂದ ಉಸುಕಿನ ಭಯಕ್ಕೆ ಮೊಬೈಲ್ ಕೊಟ್ಟು ಕೂರಿಸುವುದು ಪರಿಹಾರವಲ್ಲ.

ಇದಕ್ಕೆ ಹೆಚ್ಚು ಹಣ ಬೇಕೆಂದೂ ಇಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ, ನಂತರ ಕೋಸಬಾಡದಲ್ಲಿ ಬಡ ಮಕ್ಕಳಿಗಾಗಿ ಬಾಲಶಿಕ್ಷಣ ನಡೆಸಿದರು. ಅಲ್ಲಿ ಪೇಟೆಯ ದುಬಾರಿ ಆಟಿಕೆಗಳ ಬದಲು ಊರಿನಲ್ಲೇ ಸಿಗುವ ವಸ್ತುಗಳನ್ನು ಬಳಸಿದರು. ಮನೆಯ ಅಂಗಳವೇ ಶಾಲೆ ಎಂಬ ಆ ಯೋಚನೆಯೇ ಅಂಗನವಾಡಿ ಎಂಬ ಹೆಸರಿನಲ್ಲೂ ಇದೆ. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಯಾವ ಮನೆಯಲ್ಲೂ ಆಟಕ್ಕೆ ಬೇಕಾದ ಅರ್ಧ ಸಾಮಾನು ಅಡುಗೆಮನೆಯ ನಿಲುವಿನ ಮೇಲೆಯೇ ಇರುತ್ತದೆ.

ಸಾಮಾನಿಗಿಂತ ಮೊದಲು ಮೂರು ಆಯ್ಕೆ

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಮೂರು ವಿಷಯ ನಿಶ್ಚಯಿಸಿರಿ.

1. ಜಾಗ: ಅಡುಗೆಮನೆಯಿಂದಲೋ ಪಡಸಾಲೆಯಿಂದಲೋ ನೇರವಾಗಿ ಕಾಣುವ ನೆರಳಿನ ಜಾಗ. ಬೇವಿನ ಮರದ ಕೆಳಗಾದರೆ ಒಳ್ಳೆಯದು. ದನದ ಕೊಟ್ಟಿಗೆ, ತಿಪ್ಪೆ, ಬಚ್ಚಲ ನೀರು ಹರಿಯುವ ಕಡೆ ಬೇಡ.

2. ಆಳ: ಆಟದ ನೀರು ಎಷ್ಟು ಆಳವಿರಬೇಕೆಂಬುದು. ಇದನ್ನು ಮುಂದೆ ವಿವರಿಸಿದೆ.

3. ಜೊತೆಗಿರುವವರು: ಆ ಹೊತ್ತಿನಲ್ಲಿ ಮಗುವಿನ ಜೊತೆ ಕೂರುವ ಹಿರಿಯರು ಯಾರು ಎಂಬುದು.

ಈ ಮೂರೂ ಸರಿಯಿದ್ದರೆ ಹಳೆಯ ಲೋಟವೂ ಒಳ್ಳೆಯ ಆಟಿಕೆ. ಈ ಮೂರೂ ಇಲ್ಲದಿದ್ದರೆ ಎಷ್ಟು ಬೆಲೆಬಾಳುವ ಆಟಿಕೆಯೂ ಮಗುವನ್ನು ಕಾಯುವುದಿಲ್ಲ.

ನಮ್ಮ ಕಡೆ ಬೇಸಿಗೆಯ ಬಿಸಿಲು ಬಹಳ ತೀಕ್ಷ್ಣ. ಬಿಸಿಲಲ್ಲಿಟ್ಟ ಉಸುಕು, ಕಬ್ಬಿಣದ ಸಾಮಾನು, ಪ್ಲಾಸ್ಟಿಕ್ ಟಬ್ಬು ಇವೆಲ್ಲ ಕೂಸಿನ ಚರ್ಮ ಸುಡುವಷ್ಟು ಕಾಯುತ್ತವೆ. ಬೆಳಿಗ್ಗೆ 9 ಗಂಟೆಯೊಳಗೆ ಅಥವಾ ಸಂಜೆ 5ರ ನಂತರ ಆಡಿಸಿರಿ. ಮೊದಲು ನಿಮ್ಮ ಮುಂಗೈ ಇಟ್ಟು ನೋಡಿ, ಆಮೇಲೆ ಮಗುವನ್ನು ಬಿಡಿರಿ.

ಯಾವ ಉಸುಕು ಒಳ್ಳೆಯದು?

ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರೆ ಹರಿಯುವುದರಿಂದ ಹೊಳೆಯ ಉಸುಕು ನಮಗೆ ಹೊಸದಲ್ಲ. ಹೊಳೆಯ ಉಸುಕಿನ ಕಾಳು ನೀರಿನಲ್ಲಿ ಉರುಳಿ ಉರುಳಿ ಮೂಲೆ ಸವೆದು ದುಂಡಗಾಗಿರುತ್ತದೆ. ಆದ್ದರಿಂದ ಅದೇ ಮಗುವಿಗೆ ಉತ್ತಮ. ಕಲ್ಲು ಒಡೆದು ಮಾಡುವ ಎಂ-ಸ್ಯಾಂಡ್ ಮತ್ತು ಕ್ರಷರ್ ಪುಡಿ ಆಟಕ್ಕೆ ಬೇಡ. ಅದರ ಕಾಳು ಚೂಪಾಗಿರುತ್ತದೆ. ಸಣ್ಣ ಕಲ್ಲಿನ ಧೂಳು ಉಸಿರಿನ ಜೊತೆ ಪುಪ್ಪುಸಕ್ಕೆ ಹೋಗುತ್ತದೆ.

ಮನೆ ಕಟ್ಟುವವರ ಮುಂದೆ ಸುರಿದ ಉಸುಕಿನ ಗುಡ್ಡೆ ಮಕ್ಕಳಿಗೆ ಬಹಳ ಪ್ರಿಯ. ಆದರೆ ಅದು ಆಟದ ಜಾಗವಲ್ಲ. ಅದರಲ್ಲಿ ಮೊಳೆ, ತಂತಿ, ಗಾಜಿನ ಚೂರು ಇರುತ್ತವೆ. ಸಿಮೆಂಟ್ ಬೆರೆತಿದ್ದರೆ ಹಸಿ ಚರ್ಮ ಮತ್ತು ಕಣ್ಣು ಸುಡುತ್ತದೆ. ರಾತ್ರಿ ನಾಯಿ ಬೆಕ್ಕುಗಳು ಅಲ್ಲಿಯೇ ಮಲವಿಸರ್ಜನೆ ಮಾಡುತ್ತವೆ. ದೊಡ್ಡ ಗುಡ್ಡೆಯನ್ನು ಮಕ್ಕಳು ಕೆರೆದು ಗವಿ ಮಾಡಿದರೆ ಕುಸಿದು ಬೀಳಬಹುದು.

ಆಟಕ್ಕೆ ಬೇಕಾದ ಉಸುಕು ಸ್ವಲ್ಪವೇ. 2 ಅಡಿ ಅಗಲದ ಟಬ್ಬಿನಲ್ಲಿ 4 ಅಂಗುಲ ದಪ್ಪ ಹಾಕಲು ಸುಮಾರು 1 ಘನ ಅಡಿ ಸಾಕು. ಅಂದರೆ ತೂಕದಲ್ಲಿ ಒಂದು ಸಿಮೆಂಟ್ ಚೀಲಕ್ಕಿಂತ ಸ್ವಲ್ಪ ಕಡಿಮೆ. ಅದನ್ನು ಹೀಗೆ ಸಿದ್ಧಪಡಿಸಿರಿ:

• ಸಾಣಿಗೆಯಲ್ಲಿ ಜರಡಿ ಹಿಡಿದು ಹರಳು, ಕಡ್ಡಿ, ಕಪ್ಪೆಚಿಪ್ಪು ತೆಗೆಯಿರಿ.
• ಬಕೆಟ್ಟಿನಲ್ಲಿ ಹಾಕಿ ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ.
• ಶುದ್ಧವಾದ ತಾಡಪಾಲಿನ ಮೇಲೆ ತೆಳ್ಳಗೆ ಹರಡಿ ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಒಣಗಿಸಿರಿ.

ಉಸುಕು ಹಾಕುವ ಪಾತ್ರೆ ಮತ್ತು ಮುಚ್ಚಳ

ಅಗಲವಾದ, ಗಿಡ್ಡ ಅಂಚಿನ ಪ್ಲಾಸ್ಟಿಕ್ ಟಬ್ಬು ಎಲ್ಲಕ್ಕಿಂತ ಅನುಕೂಲ. ಅಂಚು ನಯವಾಗಿರಬೇಕು. ತುಕ್ಕು ಹಿಡಿದ ಗಾರೆ ಕೆಲಸದ ಬಾಂಡ್ಲಿ ಬೇಡ. ಗೊಬ್ಬರದ ಚೀಲ ಹಾಸಿ ಅದರ ಮೇಲೆ ಉಸುಕು ಹಾಕುವುದೂ ಬೇಡ. ಹಳೆಯ ಟ್ರ್ಯಾಕ್ಟರ್ ಟಯರನ್ನು ಬಳಸುವವರಿದ್ದಾರೆ. ಸವೆದ ಟಯರಿನಿಂದ ಉಕ್ಕಿನ ತಂತಿ ಹೊರಬರುತ್ತದೆ, ಬಿಸಿಲಿಗೆ ಕಾಯುತ್ತದೆ, ಒಳಗೆ ಮಳೆ ನೀರು ನಿಂತು ಸೊಳ್ಳೆ ಬೆಳೆಯುತ್ತದೆ. ಆದ್ದರಿಂದ ಅದನ್ನು ಬಿಟ್ಟುಬಿಡಿ.

ಜಾಗವಿದ್ದವರು 3 ಅಡಿ ಉದ್ದಗಲದ ಗುಂಡಿ ಮಾಡಬಹುದು. ಸುತ್ತ ಒಂದು ಸಾಲು ಇಟ್ಟಿಗೆ ಇಟ್ಟು ಅಂಚನ್ನು ನಯಗೊಳಿಸಿ. ತಳಕ್ಕೆ ಸಿಮೆಂಟ್ ಹಾಕಬೇಡಿ, ನೀರು ಇಂಗಬೇಕು. ತಳದಲ್ಲಿ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಬಟ್ಟೆ, ಅದರ ಮೇಲೆ 9 ಅಂಗುಲ ಉಸುಕು ಹಾಕಿದರೆ ಸಾಕು.

ಟಬ್ಬಾಗಲಿ ಗುಂಡಿಯಾಗಲಿ, ಮುಚ್ಚಳವಿಲ್ಲದೆ ಇರಬಾರದು. ಈ ಪಾಠದಲ್ಲಿ ಹಣ ಖರ್ಚು ಮಾಡಿ ಎಂದು ನಾನು ಹೇಳುವುದು ಇದಕ್ಕೊಂದಕ್ಕೇ. ಏಕೆ? ಬೆಕ್ಕು ಮತ್ತು ನಾಯಿಯ ಮಲದಲ್ಲಿ ಹೊರಬರುವ ಜಂತಿನ ಮೊಟ್ಟೆ ಉಸುಕಿನಲ್ಲಿ ಕೆಲವು ವಾರಗಳಲ್ಲಿ ಬಲಿತು, ಮಗು ಕೈ ಬಾಯಿಗಿಟ್ಟಾಗ ಹೊಟ್ಟೆ ಸೇರುತ್ತದೆ. ಮನುಷ್ಯರು ಬಯಲಿಗೆ ಹೋಗುವ ಕಡೆ ಹಸಿ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಇರುತ್ತವೆ. ಅವು ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಹೋಗಿ, ಕರುಳಿನಲ್ಲಿ ಕೂತು ರಕ್ತ ಹೀರುತ್ತವೆ. ನಮ್ಮ ವಾರ್ಡಿನಲ್ಲಿ ಬಿಳಿಚಿಕೊಂಡು ಬರುವ ಮಕ್ಕಳ ರಕ್ತಹೀನತೆಗೆ ಇದೂ ಒಂದು ಕಾರಣ.

ಮುಚ್ಚಳಕ್ಕೆ ಹಲಗೆಯೋ, ಅಂಚಿಗೆ ಬಿಗಿದು ಕಟ್ಟಬಹುದಾದ ತಾಡಪಾಲೋ ಸಾಕು. ಹಗಲು ಒಂದಿಷ್ಟು ಹೊತ್ತು ತೆರೆದು ಬಿಸಿಲು ತೋರಿಸಿರಿ, ರಾತ್ರಿ ತಪ್ಪದೆ ಮುಚ್ಚಿರಿ. ಪ್ರತಿದಿನ ಮಗುವನ್ನು ಬಿಡುವ ಮುನ್ನ ಕೋಲಿನಿಂದ ಉಸುಕನ್ನು ಕೆದಕಿ ನೋಡಿ. ಟಬ್ಬು ಮತ್ತು ಇಟ್ಟಿಗೆಯ ಕೆಳಗೂ ನೋಡಿ. ನಮ್ಮ ಕಲ್ಲುಭೂಮಿಯಲ್ಲಿ ಚೇಳು ತಂಪಾದ ಜಾಗ ಹುಡುಕಿ ಇಂಥಲ್ಲೇ ಅಡಗುತ್ತದೆ. ಉಸುಕಿನಲ್ಲಿ ವಾಸನೆ ಬಂದರೆ, ಮಲ ಕಂಡರೆ ಎಲ್ಲವನ್ನೂ ಬದಲಿಸಿರಿ.

ವಯಸ್ಸಿಗೆ ತಕ್ಕ ಕೈಸಾಮಾನು

1 ರಿಂದ ಒಂದೂವರೆ ವರ್ಷ: ತುಂಬುವುದು, ಸುರಿಯುವುದು ಇಷ್ಟೇ ಆಟ. ಎರಡು ಹಗುರವಾದ ಪ್ಲಾಸ್ಟಿಕ್ ಲೋಟ, ಒಂದು ಅಗಲ ಬಾಯಿಯ ಡಬ್ಬಿ ಸಾಕು. ಈ ವಯಸ್ಸಿನಲ್ಲಿ ಎಲ್ಲವೂ ಬಾಯಿಗೇ ಹೋಗುತ್ತದೆ. ಆದ್ದರಿಂದ ಮೊದಮೊದಲು ನೀರಿನ ಆಟವನ್ನೇ ಹೆಚ್ಚು ಆಡಿಸಿ, ಉಸುಕನ್ನು ಸ್ವಲ್ಪ ಹೊತ್ತು ಮಾತ್ರ ಕೊಡಿ.

ಒಂದೂವರೆಯಿಂದ 2 ವರ್ಷ: ಗಿಡ್ಡ ಹಿಡಿಯ ಮರದ ಸೌಟು, ಅಂಚು ಉಜ್ಜಿ ನಯ ಮಾಡಿದ ತೆಂಗಿನ ಚಿಪ್ಪು, ಚಿಕ್ಕ ಬುಟ್ಟಿ, ಲಾಳಿಕೆ. ಸೌಟಿನ ಹಿಡಿ ಒಂದು ಗೇಣಿಗಿಂತ ಉದ್ದ ಬೇಡ. ಉದ್ದವಾದ ಕಡ್ಡಿ ಹಿಡಿದು ಓಡಿ ಬಿದ್ದರೆ ಬಾಯಿಗೆ, ಕಣ್ಣಿಗೆ ಚುಚ್ಚುತ್ತದೆ.

2 ರಿಂದ 3 ವರ್ಷ: ಪುಟ್ಟ ಸಾಣಿಗೆ, ಇಡ್ಲಿ ತಟ್ಟೆಯಂಥ ಅಚ್ಚು, ನೀರು ಚಿಮುಕಿಸಲು ತಳದಲ್ಲಿ ತೂತು ಮಾಡಿದ ಡಬ್ಬಿ, ಚಕ್ರದ ಗಾಡಿ. ಈ ವಯಸ್ಸಿನಲ್ಲಿ ರೊಟ್ಟಿ ಬಡಿಯುವುದು, ಅಂಗಡಿ ಇಡುವುದು, ಮನೆ ಕಟ್ಟುವುದು ಎಲ್ಲ ಶುರುವಾಗುತ್ತದೆ. ಹಸಿ ಉಸುಕು ಅಚ್ಚಿನಲ್ಲಿ ನಿಲ್ಲುತ್ತದೆ, ಒಣ ಉಸುಕು ನಿಲ್ಲುವುದಿಲ್ಲ ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ನೀವು ಹೇಳಿಕೊಡಬೇಕಾಗಿಲ್ಲ, ಜೊತೆಯಲ್ಲಿ ಕೂತರೆ ಸಾಕು.

ಇಬ್ಬರು ಮಕ್ಕಳು ಆಡುವ ಮನೆಯಲ್ಲಿ ಒಂದೇ ಬಗೆಯ ಎರಡು ಸೌಟು ಕೊಡಿ. ಈ ವಯಸ್ಸಿನವರಿಗೆ ಹಂಚಿಕೊಳ್ಳುವುದು ಇನ್ನೂ ಬಂದಿರುವುದಿಲ್ಲ. ಜಗಳದಲ್ಲಿಯೇ ಉಸುಕು ಕಣ್ಣಿಗೆ ಬೀಳುವುದು.

ಖಂಡಿತ ಕೊಡಬಾರದ ವಸ್ತುಗಳು

• ಕೀಟನಾಶಕ, ಕಳೆನಾಶಕದ ಡಬ್ಬಿ ಮತ್ತು ಅದರ ಮುಚ್ಚಳ. ಹತ್ತಿ, ಮೆಕ್ಕೆಜೋಳ ಬೆಳೆಯುವ ನಮ್ಮ ಮನೆಗಳಲ್ಲಿ ಇದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಎಷ್ಟು ತೊಳೆದರೂ ಅದು ವಿಷದ ಡಬ್ಬಿಯೇ. ನೀರು ಕುಡಿಯಲು, ಆಡಲು ಎರಡಕ್ಕೂ ಬೇಡ. ತೂತು ಹೊಡೆದು ಯಾರೂ ಬಳಸದಂತೆ ಮಾಡಿರಿ.
• ಬಣ್ಣದ ಡಬ್ಬಿ, ಎಣ್ಣೆ ಬಣ್ಣ ಸುಲಿಯುತ್ತಿರುವ ಹಳೆಯ ಆಟಿಕೆ. ಹಳೆಯ ಬಣ್ಣಗಳಲ್ಲಿ ಸೀಸ ಹೆಚ್ಚಿರುತ್ತಿತ್ತು. ಅದು ಮಗುವಿನ ಮಿದುಳಿಗೆ ಹಾನಿಕರ.
• ಗಾಜು, ಪಿಂಗಾಣಿ, ಅಂಚು ಕತ್ತರಿಸಿದ ತಗಡಿನ ಡಬ್ಬಿ.
• ಶೇಂಗಾ, ಕಡಲೆ, ಹುಣಸೆ ಬೀಜ, ಗೋಲಿ. ಉಸುಕಿನ ಬದಲು ಕಾಳು ತುಂಬಿ ಆಡಿಸುವ ಪದ್ಧತಿ ಕೆಲವೆಡೆ ಇದೆ. 3 ವರ್ಷದೊಳಗೆ ಇದು ಸಲ್ಲದು. ಶೇಂಗಾ ಕಾಳು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು.
• ನೀರಿನಲ್ಲಿ ಹಾಕಿದರೆ ಉಬ್ಬುವ ಬಣ್ಣಬಣ್ಣದ ಮಣಿಗಳು. ಸಾಸಿವೆಯಷ್ಟಿದ್ದ ಮಣಿ ನೀರು ಕುಡಿದು ಗೋಲಿಯಷ್ಟಾಗುತ್ತದೆ. ಮಗು ನುಂಗಿದರೆ ಹೊಟ್ಟೆಯೊಳಗೂ ಹಾಗೆಯೇ ಉಬ್ಬಿ ಕರುಳನ್ನು ಕಟ್ಟಿಬಿಡಬಹುದು. ಮನೆಯಲ್ಲಿದ್ದರೆ ಇಂದೇ ಎಸೆಯಿರಿ.

ಜಾತ್ರೆಯಲ್ಲಿ, ಅಂಗಡಿಯಲ್ಲಿ ಕೊಳ್ಳುವಾಗ

ಕೊಟ್ಟೂರು ತೇರು, ಮೈಲಾರ ಜಾತ್ರೆಗೆ ಹೋದವರು ಕೂಸಿಗೆ ಒಂದು ಆಟಿಕೆ ತರದೆ ಬರುವುದಿಲ್ಲ. ತನ್ನಿರಿ, ಆದರೆ ನೋಡಿ ತನ್ನಿರಿ.

ಮೊದಲನೆಯದು, ಐಎಸ್ಐ ಗುರುತು. ಕೇಂದ್ರ ಸರ್ಕಾರದ 2020ರ ಆದೇಶದಂತೆ 2021ರ ಜನವರಿ 1ರಿಂದ ಆಟಿಕೆಗಳಿಗೆ ಈ ಗುರುತು ಕಡ್ಡಾಯವಾಗಿದೆ. ಪೊಟ್ಟಣದ ಮೇಲೆ ಯಾವ ವಯಸ್ಸಿಗೆ ಎಂಬುದನ್ನೂ ಓದಿಸಿ ತಿಳಿದುಕೊಳ್ಳಿ.

ಎರಡನೆಯದು, ಅಳತೆ. 3 ವರ್ಷದೊಳಗಿನವರ ಆಟಿಕೆಯನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೂ ಇಳಿಯಬಹುದು. ಮನೆಯಲ್ಲಿ ಸುಲಭ ಲೆಕ್ಕ: 10 ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲವಿದೆ. ಅದರ ಸುತ್ತ ಇನ್ನೊಂದಿಷ್ಟು ಸೇರಿಸಿ ಊಹಿಸಿಕೊಳ್ಳಿ. ಅದಕ್ಕಿಂತ ಚಿಕ್ಕದಾದ ವಸ್ತು, ಕಳಚುವ ಚಕ್ರ, ಕಣ್ಣು, ಮುಚ್ಚಳ ಇದ್ದರೆ ಬೇಡ.

ಮೂರನೆಯದು, ಕೈ ಪರೀಕ್ಷೆ. ಆಟಿಕೆಯನ್ನು ಎಳೆದು, ಒತ್ತಿ, ತಿರುಚಿ ನೋಡಿ. ತೆಳ್ಳಗಿನ ಪ್ಲಾಸ್ಟಿಕ್ ಒಡೆದರೆ ಚಾಕುವಿನಂತಾಗುತ್ತದೆ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಿಟ್ಟರೆ ಹಿಂದಿರುಗಿಸಿ. ಗಾಢ ವಾಸನೆಯಿದ್ದರೂ ಬೇಡ.

ನಾಲ್ಕನೆಯದು, ಬ್ಯಾಟರಿ ಇಲ್ಲದ್ದನ್ನೇ ಆರಿಸಿ. ಗುಂಡಿಯಂಥ ಚಿಕ್ಕ ಸೆಲ್ ನುಂಗಿದರೆ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಟ್ಟು ಗಾಯ ಮಾಡುತ್ತದೆ.

ಪೇಟೆಯಲ್ಲಿ ಕಾಲುಗಳಿರುವ ಉಸುಕು ನೀರಿನ ಮೇಜು ಎಂಬುದೂ ಸಿಗುತ್ತದೆ. ಕೊಳ್ಳುವ ಶಕ್ತಿಯಿದ್ದವರು ಮೇಜಿನ ಎತ್ತರ ಮಗುವಿನ ಸೊಂಟದ ಮಟ್ಟಕ್ಕಿದೆಯೇ, ಮಗು ಒರಗಿದರೆ ಮಗುಚುವುದೇ, ನೀರು ಹೊರಬಿಡಲು ತೂಬು ಇದೆಯೇ ಎಂದು ನೋಡಿರಿ. ಅದಿಲ್ಲದಿದ್ದರೆ ಕೊರತೆಯೇನೂ ಇಲ್ಲ. ನೆಲದ ಮೇಲಿನ ಪರಾತವೂ ಅದೇ ಪಾಠ ಕಲಿಸುತ್ತದೆ.

ನೀರಿನ ಆಟ: ಆಳವೇ ಮುಖ್ಯ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿರಿ.

ನನ್ನ ಮಗಳಿಗೆ ಒಂದು ವರ್ಷ ಎರಡು ತಿಂಗಳಿದ್ದಾಗ ಬಚ್ಚಲಲ್ಲಿ ಲೋಟ ಕೊಟ್ಟು ಆಡಲು ಬಿಟ್ಟಿದ್ದೆ. ಪಕ್ಕದಲ್ಲಿ ಅರ್ಧ ಬಕೆಟ್ಟು ನೀರಿತ್ತು. ಫೋನು ಬಂತು, ಪಡಸಾಲೆಗೆ ಹೋದೆ. ಎರಡು ಮಾತಾಡಿ ತಿರುಗಿ ಬಂದಾಗ ಬಕೆಟ್ಟಿನ ಮೇಲೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಎತ್ತಿಕೊಂಡೆ, ಕೆಮ್ಮಿದಳು, ಅತ್ತಳು, ಉಳಿದಳು. ನಾನು ನರ್ಸ್. ಬೇರೆಯವರಿಗೆ ಪಾಠ ಹೇಳುವವಳು. ಆದರೂ ಒಂದು ಸಣ್ಣ ಸಪ್ಪಳವೂ ನನಗೆ ಕೇಳಿಸಿರಲಿಲ್ಲ.

ಏಕೆ ಕೇಳಿಸುವುದಿಲ್ಲ ಎಂಬುದನ್ನು ತಿಳಿಯಿರಿ. ಈ ವಯಸ್ಸಿನ ಮಗುವಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿಗೆ ಬಗ್ಗಿದರೆ ತಲೆಕೆಳಗಾಗಿ ಬೀಳುತ್ತದೆ, ಕೈಯೂರಿ ಏಳಲು ಬಲವಿಲ್ಲ. ಮೂಗು ಬಾಯಿ ನೀರಿನಲ್ಲಿರುವುದರಿಂದ ಕೂಗಲು ಆಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಆಮ್ಲಜನಕ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲು ಭಾಗ 5 ವರ್ಷದೊಳಗಿನ ಮಕ್ಕಳು.

ಆದ್ದರಿಂದ ನೀರಿನ ಆಟಕ್ಕೆ ಈ ನಿಯಮಗಳು:

1. ಪಾತ್ರೆ ಅಗಲವಾಗಿರಲಿ, ಆಳವಾಗಿರದಿರಲಿ. ಪರಾತ ಅಥವಾ ಗಿಡ್ಡ ಟಬ್ಬು ಉತ್ತಮ. ಬಕೆಟ್ಟು, ಕೊಡ, ಹಂಡೆ ಆಟದ ಸಾಮಾನಲ್ಲ.
2. ನೀರು 2 ಅಂಗುಲ ಮೀರದಿರಲಿ. ಅಷ್ಟು ನೀರಿದ್ದರೂ ಮಗುವನ್ನು ಒಂಟಿಯಾಗಿ ಬಿಡಬಾರದು.
3. ಹಿರಿಯರೊಬ್ಬರು ಕೈಗೆಟುಕುವಷ್ಟು ಹತ್ತಿರ ಕೂತಿರಬೇಕು. 7–8 ವರ್ಷದ ಅಕ್ಕನೋ ಅಣ್ಣನೋ ಕಾವಲಿಗೆ ಸಾಲದು. ಅವರೂ ಮಕ್ಕಳೇ.
4. ಫೋನು ಬಂದರೆ, ಬಾಗಿಲು ಬಡಿದರೆ, ಹಾಲು ಉಕ್ಕಿದರೆ ಮಗುವನ್ನು ಎತ್ತಿಕೊಂಡೇ ಏಳಿರಿ.
5. ಆಟ ಮುಗಿದ ತಕ್ಷಣ ನೀರು ಚೆಲ್ಲಿ ಪಾತ್ರೆಯನ್ನು ಬೋರಲು ಹಾಕಿರಿ.
6. ಮಗು ಆಡುವ ನೀರನ್ನು ಕುಡಿದೇ ಕುಡಿಯುತ್ತದೆ. ಆದ್ದರಿಂದ ಕುಡಿಯುವ ನೀರನ್ನೇ ಹಾಕಿರಿ. ನಾಲ್ಕಾರು ತಂಬಿಗೆ ಸಾಕು.

ಕೂಡ್ಲಿಗಿ, ಕೊಟ್ಟೂರು ಕಡೆಯ ತಾಯಂದಿರು, "ಕುಡಿಯಾಕ ನೀರಿಲ್ಲ, ಆಟಕ್ಕೆಲ್ಲಿ ತರೋಣ?" ಎನ್ನುತ್ತಾರೆ. ನ್ಯಾಯವಾದ ಮಾತು. ಆಡಿದ ನೀರನ್ನು ಚರಂಡಿಗೆ ಚೆಲ್ಲಬೇಡಿ. ಮಗುವಿನ ಕೈಯಲ್ಲೇ ಲೋಟ ಕೊಟ್ಟು ಮಲ್ಲಿಗೆ ಬಳ್ಳಿಗೋ ಕರಿಬೇವಿಗೋ ಹಾಕಿಸಿ. ಆಟದ ಕೊನೆಯ ಭಾಗ ಅದೇ ಆಗಲಿ.

ಆಟಕ್ಕಲ್ಲದ ನೀರು

ಅಂಗಳದಲ್ಲಿ ಆಟ ಕಲಿತ ಮಗು ನೀರು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಆಟ ಆರಂಭಿಸುವ ಮೊದಲೇ ಮನೆಯ ಸುತ್ತ ಒಂದು ಸುತ್ತು ಹಾಕಿರಿ. ನೆಲದ ಸಂಪಿಗೆ ಮಗು ಎತ್ತಲಾಗದ ಭಾರದ ಮುಚ್ಚಳ ಇದೆಯೇ? ದನ ಕುಡಿಯುವ ತೊಟ್ಟಿಗೆ ಅಡ್ಡವಿದೆಯೇ? ಡ್ರಮ್ಮುಗಳಿಗೆ ಬಿಗಿ ಮುಚ್ಚಳವಿದೆಯೇ? ಬಚ್ಚಲ ಬಾಗಿಲಿಗೆ ಮೇಲೆ ಚಿಲಕವಿದೆಯೇ?

ಹೊಲದಲ್ಲಿ ವಾಸಿಸುವವರಿಗೆ ಕೃಷಿ ಹೊಂಡ ದೊಡ್ಡ ಅಪಾಯ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರಿನಲ್ಲಿ ಕಾಲು ಜಾರಿದರೆ ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ. ಸುತ್ತ ಬೇಲಿ ಇರಲೇಬೇಕು. ಗಂಟು ಹಾಕಿದ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಡಿ. ಹೊಳೆಯ ದಂಡೆ, ಹಗರಿಬೊಮ್ಮನಹಳ್ಳಿ ಕಡೆಯ ತುಂಗಭದ್ರಾ ಹಿನ್ನೀರು, ಮಾಲವಿ ಜಲಾಶಯದ ಅಂಚು ಇವು ಚಿಕ್ಕ ಮಕ್ಕಳ ಆಟದ ಜಾಗಗಳಲ್ಲ.

ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರುತ್ತದೆ. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮುಗಳನ್ನು ಖಾಲಿ ಮಾಡಿ ಒಳಬದಿಯನ್ನು ಉಜ್ಜಿ ತೊಳೆಯಿರಿ.

ಕೂಲಿಗೆ ಹೋಗುವ ತಾಯಂದಿರಿಗೆ ಒಂದು ಮಾತು. ಉದ್ಯೋಗ ಖಾತರಿ ಕೆಲಸದವರ 3 ವರ್ಷದೊಳಗಿನ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ವಿಚಾರಿಸಿರಿ. ಹೊಲದ ಬದುವಿನಲ್ಲಿ ಮಗುವನ್ನು ಒಂಟಿಯಾಗಿ ಬಿಡುವುದಕ್ಕಿಂತ ಅದು ಮೇಲು.

ಆಟವಾದ ನಂತರ

ಕೈಯನ್ನು ಸಾಬೂನಿನಿಂದ ಉಗುರಿನ ಸಂದಿಯವರೆಗೆ ತೊಳೆಯಿರಿ. ವಾರಕ್ಕೊಮ್ಮೆ ಉಗುರು ಕತ್ತರಿಸಿರಿ. ಅಂಗಳ ಬಿಟ್ಟು ಹೊರಗೆ ಹೋಗುವಾಗ ಚಪ್ಪಲಿ ಹಾಕಿಸಿ. ಆಟದ ಸಾಮಾನನ್ನು ವಾರಕ್ಕೊಮ್ಮೆ ಸಾಬೂನಿನಿಂದ ತೊಳೆದು ಬಿಸಿಲಿಗಿಡಿ.

ಒಂದು ವರ್ಷ ದಾಟಿದ ಮಕ್ಕಳಿಗೆ ಅಂಗನವಾಡಿಯಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರೆ. 1 ರಿಂದ 2 ವರ್ಷದವರಿಗೆ ಅರ್ಧ, 2 ವರ್ಷ ಮೇಲ್ಪಟ್ಟವರಿಗೆ ಒಂದು ಪೂರ್ತಿ ಮಾತ್ರೆ. ಚಿಕ್ಕವರಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. 6 ತಿಂಗಳಿಂದ 5 ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣಾಂಶದ ಸಿರಪ್ಪು ಆಶಾ ಕಾರ್ಯಕರ್ತೆಯರ ಮೂಲಕ ದೊರೆಯುತ್ತದೆ. ಎರಡನ್ನೂ ತಪ್ಪಿಸಬೇಡಿ.

ಆಟದ ನಡುವೆ ಒಂದು ಚಿಟಿಕೆ ಉಸುಕು ಬಾಯಿಗೆ ಹೋದರೆ ಗಾಬರಿ ಬೇಡ, ಬಾಯಿ ತೊಳೆಸಿ. ಆದರೆ ಮಗು ದಿನವೂ ಹುಡುಕಿ ಹುಡುಕಿ ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ ಅದು ಕೆಟ್ಟ ಚಟವೆಂದು ಹೊಡೆಯಬೇಡಿ. ಅನೇಕ ವೇಳೆ ಅದು ರಕ್ತಹೀನತೆಯ ಲಕ್ಷಣ. ಕರೆತಂದು ರಕ್ತ ಪರೀಕ್ಷೆ ಮಾಡಿಸಿರಿ.

ಯಾವಾಗ ಆಟ ಬೇಡ?

ಬೇಧಿ, ಜ್ವರ ಇರುವಾಗ ಬೇಡ. ಬೇಧಿಯಾದ ಮಗು ಬೇರೆ ಮಕ್ಕಳ ಜೊತೆ ಒಂದೇ ನೀರಿನಲ್ಲಿ ಆಡಬಾರದು. ಮೈಮೇಲೆ ಹುಣ್ಣು, ಹೊಲಿಗೆ, ಪಟ್ಟಿ ಇದ್ದರೆ ವಾಸಿಯಾಗುವವರೆಗೆ ಕಾಯಿರಿ. ಕಿವಿ ಸೋರುತ್ತಿದ್ದರೆ ತಲೆಗೆ ನೀರು ಸುರಿಯುವ ಆಟ ಬೇಡ. ಮೂರ್ಛೆ ರೋಗವಿರುವ ಮಗು ಆಡಬಹುದು. ಆದರೆ ನೀರಿನ ಬಳಿ ಒಂದು ಕ್ಷಣವೂ ಕೈಬಿಡಬಾರದು. ಆಸ್ಪತ್ರೆಯಿಂದ ಹೊರಡುವಾಗ ನಿಮ್ಮ ಮಗು ಯಾವಾಗಿನಿಂದ ಆಡಬಹುದೆಂದು ವೈದ್ಯರನ್ನು ಕೇಳಿಕೊಂಡೇ ಹೋಗಿರಿ.

ಅವಘಡವಾದರೆ

ಕಣ್ಣಿಗೆ ಉಸುಕು ಬಿದ್ದರೆ: ಉಜ್ಜಲು ಬಿಡಬೇಡಿ. ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ ಶುದ್ಧ ನೀರು ಸುರಿಯಿರಿ. ಹರಳೆಣ್ಣೆ, ಎದೆಹಾಲು ಹಾಕಬೇಡಿ. ಕೆಂಪು ಇಳಿಯದಿದ್ದರೆ, ಕಣ್ಣು ತೆರೆಯದಿದ್ದರೆ ಕರೆತನ್ನಿ.

ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ: ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ, ಧ್ವನಿ ಬರದೆ, ನೀಲಿಗಟ್ಟಿದರೆ ಮುಂದಕ್ಕೆ ಬಗ್ಗಿಸಿ ಬೆನ್ನ ಮೇಲೆ ಹೆಗಲ ನಡುವೆ 5 ಪೆಟ್ಟು ಕೊಡಿ. ಹೊರಬರದಿದ್ದರೆ, ಒಂದು ವರ್ಷ ದಾಟಿದ ಮಗುವಿನ ಹಿಂದೆ ಮಂಡಿಯೂರಿ ಹೊಕ್ಕಳ ಮೇಲ್ಭಾಗವನ್ನು ಒಳಕ್ಕೆ ಮೇಲಕ್ಕೆ 5 ಸಲ ಒತ್ತಿರಿ. ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಾಡಬೇಡಿ.

ನೀರಿನಲ್ಲಿ ಮುಳುಗಿದ್ದರೆ: ತಲೆಕೆಳಗು ಮಾಡಿ ತಿರುಗಿಸಬೇಡಿ, ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಅದರಿಂದ ಅಮೂಲ್ಯ ಸಮಯ ಹಾಳು. ಒಬ್ಬರು 108ಕ್ಕೆ ಕರೆ ಮಾಡಲಿ. ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು 5 ಸಲ ಎದೆ ಏಳುವಂತೆ ಊದಿರಿ. ನಂತರ ಎದೆಯ ನಡುವೆ ಒಂದು ಅಂಗೈಯಿಂದ ಸುಮಾರು 5 ಸೆಂಟಿಮೀಟರ್ ತಗ್ಗುವಂತೆ 30 ಸಲ ವೇಗವಾಗಿ ಒತ್ತಿ, 2 ಸಲ ಊದಿರಿ. ಉಸಿರು ಬರುವವರೆಗೆ ಅಥವಾ ಸಹಾಯ ಸಿಗುವವರೆಗೆ ಇದನ್ನೇ ಮುಂದುವರಿಸಿರಿ. ಮಗು ಎಚ್ಚೆತ್ತು ಅತ್ತರೂ ಆಸ್ಪತ್ರೆಗೆ ತರಲೇಬೇಕು.

ಚೇಳು ಕುಟುಕಿದರೆ: ಕಚ್ಚಿದ ಜಾಗ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರಕ್ಕೆಂದು ಕಾಯಬೇಡಿ. ಚಿಕ್ಕ ಮಕ್ಕಳಿಗೆ ಚೇಳಿನ ವಿಷ ಹೃದಯಕ್ಕೆ ತೊಂದರೆ ಕೊಡುತ್ತದೆ. ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಅಪಾಯದ ಸೂಚನೆ. ಇದಕ್ಕೆ ಆಸ್ಪತ್ರೆಯಲ್ಲಿ ಒಳ್ಳೆಯ ಚಿಕಿತ್ಸೆ ಇದೆ. ತಡಮಾಡದೆ ತನ್ನಿರಿ.

ಮನೆಗೆ ಹೋದ ಮೇಲೆ

ಈ ಪಾಠವನ್ನು ಮನೆಯವರೆಲ್ಲರಿಗೂ ಓದಿ ಹೇಳಿರಿ. ಓದು ಬಾರದ ಅಜ್ಜಿ ತಾತಂದಿರಿಗೆ ತಪ್ಪದೆ ಹೇಳಿರಿ. ಏಕೆಂದರೆ ಹಗಲು ಮಗುವನ್ನು ನೋಡುವವರು ಅವರೇ. ನಂತರ ಐದು ಪ್ರಶ್ನೆ ಕೇಳಿಕೊಳ್ಳಿ:

1. ನಮ್ಮ ಉಸುಕು ತೊಳೆದು ಒಣಗಿಸಿದ್ದೇ? ರಾತ್ರಿ ಮುಚ್ಚುತ್ತೇವೆಯೇ?
2. ಮನೆಯಲ್ಲಿ ವಿಷದ ಡಬ್ಬಿ, ಉಬ್ಬುವ ಮಣಿ, ಚಿಕ್ಕ ಸೆಲ್ ಮಗುವಿಗೆ ಎಟುಕುತ್ತವೆಯೇ?
3. ಈ ಹೊತ್ತಿನಲ್ಲಿ ಯಾವ ಬಕೆಟ್ಟು ತುಂಬಿಕೊಂಡು ತೆರೆದಿದೆ?
4. ಸಂಪು, ತೊಟ್ಟಿ, ಹೊಂಡಕ್ಕೆ ಅಡ್ಡವಿದೆಯೇ?
5. ಇಂದು ಮಗುವಿನ ಜೊತೆ ಕೂರುವವರು ಯಾರು?

ಬಾಗಿಲ ಬಳಿ ನಿಂತು ಕೇಳಿದ ಆ ತಾಯಿಗೂ ಅಜ್ಜಿಗೂ ನನ್ನ ಉತ್ತರ ಇಷ್ಟೇ. ಆಡಲು ಬಿಡಿ. ಆದರೆ ಬಿಟ್ಟು ಹೋಗಬೇಡಿ. ಒಂದು ಪರಾತ, ಎರಡು ಲೋಟ, ಒಂದು ಟಬ್ಬು ಶುದ್ಧ ಉಸುಕು, ಪಕ್ಕದಲ್ಲಿ ಒಂದು ಮಣೆ ಇಟ್ಟುಕೊಂಡು ಕೂತ ಅಜ್ಜಿ. ಕೂಸಿಗೆ ಇದಕ್ಕಿಂತ ಹೆಚ್ಚಿನ ಸಾಮಾನು ಬೇಕಿಲ್ಲ.